ನಮ್ಮ ತೋಟದ ದಾರಿಗೆ ಫೋರ್-ವೀಲ್ ಡ್ರೈವ್ ಬೇಕಾ?

2022ರ ಮಳೆಗಾಲ. ರಾತ್ರಿ ಹನ್ನೊಂದರ ಹೊತ್ತಿಗೆ ಅಪ್ಪನ ಫೋನ್. "ಅಜ್ಜಿಗೆ ಉಸಿರಾಡೋಕೆ ಕಷ್ಟ ಆಗ್ತೈತೆ ಕಣೋ. ಹಳ್ಳ ಬಂದೈತೆ. ಆಂಬುಲೆನ್ಸ್ ಆ ಕಡೆ ದಡದಲ್ಲೇ ನಿಂತೈತೆ."

ನಮ್ಮ ತೋಟದ ಮನೆ ಇರೋದು ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಕಡೆ. ಟಾರು ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಬಂಡಿಜಾಡು, ನಡುವೆ ಒಂದು ಹಳ್ಳ. ವರ್ಷದ ಬಹುಪಾಲು ಆ ಹಳ್ಳದಲ್ಲಿ ಮರಳು ಬಿಟ್ಟರೆ ಏನೂ ಇರಲ್ಲ. ಆ ರಾತ್ರಿ ಮಾತ್ರ ತೊಡೆಮಟ್ಟ ನೀರು. ಪಕ್ಕದ ತೋಟದವರು ಟ್ರ್ಯಾಕ್ಟರ್ ತಂದು, ಟ್ರೇಲರ್‌ನಲ್ಲಿ ಹಾಸಿಗೆ ಹಾಸಿ, ಮೇಲೆ ಟಾರ್ಪಾಲು ಹಿಡಿದು ಅಜ್ಜಿಯನ್ನು ದಾಟಿಸಿದರು. ಅಜ್ಜಿ ಉಳಿದುಕೊಂಡಳು. ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಫೋನ್ ಹಿಡಿದು ಬೆಳಗಿನ ತನಕ ಕೂತಿದ್ದೆ.

ಅವತ್ತೇ ತೀರ್ಮಾನ ಮಾಡಿದೆ, ಒಂದು ಚಿಕ್ಕ ಫೋರ್-ವೀಲ್ ಡ್ರೈವ್ ಕಾರು ತಗೊಳ್ಳಲೇಬೇಕು ಅಂತ.

ಈ ಗಾಡಿಗಳ ಹುಚ್ಚು ಹತ್ತಿದ್ದು ಹಿಮದಲ್ಲಿ. ಕಂಪನಿ ಕೆಲಸದ ಮೇಲೆ ಒಂದು ಚಳಿಗಾಲ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಇದ್ದೆ. ದಾವಣಗೆರೆಯ ರೂಮ್‌ಮೇಟ್ ಹತ್ತಿರ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಚಿಕ್ಕ ಕಾರಿತ್ತು. ಅಕ್ಕಪಕ್ಕದ ಕಾರುಗಳ ಚಕ್ರ ಇದ್ದಲ್ಲೇ ಗಿರಗಿರ ತಿರುಗುತ್ತಿದ್ದರೆ, ನಮ್ಮದು ಮಂಜಿನ ಗುಡ್ಡೆಯಿಂದ ಸುಮ್ಮನೆ ಎದ್ದು ಹೊರಡುತ್ತಿತ್ತು. ಅದೇ ಧೈರ್ಯದಲ್ಲಿ ಒಂದಿನ ಸ್ವಲ್ಪ ಜೋರಾಗೇ ಓಡಿಸಿದೆ. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದರೆ ಕಾರು ನಿಲ್ಲಲೇ ಇಲ್ಲ. ಜಾರಿಕೊಂಡು ಹೋಗಿ ರಸ್ತೆ ಬದಿಯ ಹಿಮದ ರಾಶಿಗೆ ಮೂತಿ ಇಟ್ಟಿತು. ಯಾರಿಗೂ ಏನೂ ಆಗಲಿಲ್ಲ. ರೂಮ್‌ಮೇಟ್ ಮಾತ್ರ ತಣ್ಣಗೆ ಹೇಳಿದ: "ಗುರು, ಬ್ರೇಕು ಎಲ್ಲಾ ಕಾರಿಗೂ ನಾಲ್ಕೇ ಚಕ್ರಕ್ಕೆ ಇರೋದು. ಫೋರ್-ವೀಲ್ ಡ್ರೈವ್ ಹೊರಡಿಸುತ್ತೆ, ನಿಲ್ಲಿಸಲ್ಲ. ನಿಲ್ಲಿಸೋದು ಟೈರು."

ಅವನ ಮಾತು ನಿಜ. ಸುಮಾರು 7 ಡಿಗ್ರಿಗಿಂತ ಚಳಿಯಾದರೆ ಮಾಮೂಲಿ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಬಿಡುತ್ತೆ. ಚಳಿಗಾಲದ ಟೈರಿನ ರಬ್ಬರ್ ಮೆತ್ತಗೇ ಉಳಿಯುತ್ತೆ. ಹಿಮದಲ್ಲಿ ಒಳ್ಳೇ ಟೈರು ಹಾಕಿದ ಸಾದಾ ಕಾರು, ಸವೆದ ಟೈರಿನ ಫೋರ್-ವೀಲ್ ಡ್ರೈವ್‌ಗಿಂತ ಬೇಗ ನಿಲ್ಲುತ್ತೆ. ಈ ಪಾಠ ಮಧುಗಿರಿಯಲ್ಲಿ ನೆನಪಾಗುತ್ತೆ ಅಂತ ಆಗ ಗೊತ್ತಿರಲಿಲ್ಲ.

ಊರಿಗೆ ವಾಪಸ್ ಬಂದಮೇಲೆ ಲೆಕ್ಕ ಶುರು. ಒಂದು ಕಾಲಕ್ಕೆ ನಮ್ಮಲ್ಲಿ ಚಿಕ್ಕ ಫೋರ್-ವೀಲ್ ಡ್ರೈವ್ ಅಂದರೆ 1985ರಲ್ಲಿ ಬಂದ ಮಾರುತಿ ಜಿಪ್ಸಿ. ಈಗ ನಾಲ್ಕು ಮೀಟರ್ ಒಳಗಿನ ಉದ್ದದಲ್ಲಿ ಮುಖ್ಯವಾಗಿ ಎರಡು ಹೆಸರು ಕೇಳುತ್ತವೆ: 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿ ಮತ್ತು ಮೂರು ಬಾಗಿಲಿನ ಥಾರ್. ನೆಲದಿಂದ ಎತ್ತರ ಜಿಮ್ನಿಗೆ 210 ಮಿ.ಮೀ., ಥಾರ್‌ಗೆ 226 ಮಿ.ಮೀ. ಥಾರ್‌ನಲ್ಲಿ ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಮಾದರಿಯೂ ಇದೆ, ನೋಡೋಕೆ ಎರಡೂ ಒಂದೇ ಥರ. ಬುಕ್ ಮಾಡುವಾಗ ಕೇಳಿಕೊಳ್ಳಿ.

ಸ್ಪೆಕ್ ಓದಿದರೆ ಕಾರು ಗೊತ್ತಾಗಲ್ಲ. ಗೆಳೆಯನೊಬ್ಬನ ಹತ್ತಿರ ಈ ಜಾತಿಯ ಒಂದು ಗಾಡಿ ಇತ್ತು. ವಾರಾಂತ್ಯಕ್ಕೆ ಬೇಡಿ ತಗೊಂಡು, ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಕೊರಟಗೆರೆ ಕಡೆ ತಿರುಗಿಸಿದೆ.

ಕೊರಟಗೆರೆಯಲ್ಲಿ ಮರಳಿನ ಪರೀಕ್ಷೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಈ ತಾಲ್ಲೂಕು ದಾಟಿ ಮಧುಗಿರಿ ಕಡೆ ಹೋಗುತ್ತೆ. ಅದರ ದಂಡೆಯಲ್ಲಿ ಗೆಳೆಯನ ಮಾವನ ಅಡಿಕೆ ತೋಟ, ಅಲ್ಲಿಗೆ ಹೋಗೋದು ಮರಳಿನ ದಾರಿ. ಮೊದಲು ಎರಡೇ ಚಕ್ರದಲ್ಲಿ ಹೋದೆ, ಹತ್ತು ಹೆಜ್ಜೆಗೆ ಹೂತುಕೊಂಡಿತು. ಟೈರಿನ ಗಾಳಿ ಸ್ವಲ್ಪ ಇಳಿಸಿ, ಲಿವರ್ ಫೋರ್-ವೀಲ್‌ಗೆ ಹಾಕಿ, ಆಕ್ಸಿಲರೇಟರ್ ಮೆತ್ತಗೆ ಒತ್ತಿದೆ. ಎದ್ದು ಬಂತು! ಈ ಗಾಡಿಗಳಲ್ಲಿ ಮಾಮೂಲಿ ಓಟಕ್ಕೆ 2ಎಚ್, ಮರಳು ಕೆಸರಿಗೆ 4ಎಚ್, ತುಂಬಾ ಕಡಿದಾದ ಜಾಗಕ್ಕೆ 4ಎಲ್ ಅಂತ ಮೂರು ಹಂತ. ಒಣಗಿದ ಟಾರು ರಸ್ತೆಯಲ್ಲಿ 4ಎಚ್ ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಬೇಕು, ಈ ಹಂತದಲ್ಲಿ ಅದಕ್ಕೆ ಅವಕಾಶ ಇರಲ್ಲ, ಹಾಗಾಗಿ ಗೇರು ಭಾಗಗಳ ಮೇಲೆ ಒತ್ತಡ ಬೀಳುತ್ತೆ.

ಮಧುಗಿರಿ ಹತ್ತಿರ ಬರುತ್ತಿದ್ದ ಹಾಗೆ ಏಕಶಿಲಾ ಬೆಟ್ಟ ಎದುರಿಗೆ ನಿಂತಿತು. ಚಿಕ್ಕಂದಿನಲ್ಲಿ ಬಸ್ಸಿನ ಕಿಟಕಿಯಿಂದ ಅದು ಕಂಡರೆ ಮನೆ ಬಂತು ಅಂತಲೇ ಲೆಕ್ಕ. ಮನೆಯಲ್ಲಿ ಅಪ್ಪ ಗಾಡಿ ಸುತ್ತ ಒಂದು ಸುತ್ತು ಹಾಕಿ, ಟೈರಿಗೆ ಒಂದು ಒದೆ ಕೊಟ್ಟು, "ಪಾವಗಡದ ತನಕ ಹೋಗಿ ಬರೋಣ ನಡಿ" ಅಂದರು.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವಾಗ ನಡುವೆ ಆಂಧ್ರದ ಒಂದು ತುಂಡು ದಾಟಬೇಕು, ಬೋರ್ಡುಗಳು ತೆಲುಗಿಗೆ ತಿರುಗಿ ಮತ್ತೆ ಕನ್ನಡಕ್ಕೆ ಬರುತ್ತವೆ. ಪಾವಗಡ ಅಂದರೆ ಹೊರಗಿನವರಿಗೆ ಶನಿಮಹಾತ್ಮ ದೇವಸ್ಥಾನ, ಇಲ್ಲವೇ ಸೋಲಾರ್ ಪಾರ್ಕ್. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನನ್ನು ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಕಣ್ಣು ಹಾಯುವ ತನಕ ನೀಲಿ ಫಲಕಗಳು, ನಡುವೆ ಸಲೀಸಾದ ರಸ್ತೆ. ಅಪ್ಪ ಕಿಟಕಿಯಾಚೆ ನೋಡುತ್ತಾ, "ಈ ರಸ್ತೇಲಿ ನಿನ್ ಹಳೇ ಕಾರೇ ಓಡ್ತಿತ್ತಲ್ಲೋ" ಅಂದರು. ನಾನು ಉತ್ತರ ಕೊಡಲಿಲ್ಲ.

ವಾಪಸ್ ಬರುವಾಗ ಅಪ್ಪನ ಸ್ನೇಹಿತರ ಹೊಲಕ್ಕೆ ಹೋದೆವು. ಕೆರೆ ಹಿಂದಿನ ಎರೆಮಣ್ಣಿನ ದಾರಿ, ಹಿಂದಿನ ದಿನ ಮಳೆ ಬೇರೆ ಆಗಿತ್ತು. ಮರಳು ಗೆದ್ದ ಹುಮ್ಮಸ್ಸಿನಲ್ಲಿ 4ಎಚ್ ಹಾಕಿ ನುಗ್ಗಿಸಿದೆ. ಮೂವತ್ತು ಮೀಟರ್ ಹೋದಮೇಲೆ ನಾಲ್ಕು ಚಕ್ರವೂ ತಿರುಗುತ್ತಿದ್ದವು, ಗಾಡಿ ಮಾತ್ರ ಅಲ್ಲೇ. ಇಳಿದು ನೋಡಿದರೆ ಟೈರಿನ ಗೆರೆಗಳೇ ಇಲ್ಲ. ಜಿಗುಟು ಮಣ್ಣು ಮೆತ್ತಿಕೊಂಡು ಚಕ್ರ ರಾಗಿಮುದ್ದೆ ಥರ ನುಣ್ಣಗಾಗಿತ್ತು. ತಪ್ಪು ಗಾಡಿಯದ್ದಲ್ಲ, ನನ್ನದು. ರಸ್ತೆಗೆ ಅಂತ ಇರುವ ಟೈರಿನಲ್ಲಿ ಎರೆಮಣ್ಣಿಗೆ ಇಳಿಸಿದ್ದೆ. ಮಿನಿಯಾಪೊಲಿಸ್‌ನ ಮಾತು ಇಲ್ಲೂ ಅದೇ: ನಾಲ್ಕು ಚಕ್ರ ತಿರುಗಿದರೆ ಸಾಲದು, ಟೈರು ನೆಲ ಹಿಡಿಯಬೇಕು. ಕೊನೆಗೆ ಎಳೆದಿದ್ದು ಯಾರು ಹೇಳಿ? ಮತ್ತೆ ಟ್ರ್ಯಾಕ್ಟರೇ.

ಮಾರನೇ ದಿನ ಭಾನುವಾರ. ಅಜ್ಜಿಯನ್ನು ಶಿರಾದಲ್ಲಿರುವ ಅವಳ ತಂಗಿ ಮನೆಗೆ ಬಿಟ್ಟು ಹಾಗೇ ಬೆಂಗಳೂರು ಸೇರೋದು ಅಂತ ಪ್ಲ್ಯಾನ್. ಹಳ್ಳದ ಮರಳನ್ನು ಗಾಡಿ ಲೀಲಾಜಾಲವಾಗಿ ದಾಟಿತು. ಆದರೆ ಅದಕ್ಕೆ ಮುಂಚೆ ಅಜ್ಜಿ ಹತ್ತಬೇಕಲ್ಲ! ಮಂಡಿನೋವಿನ ಅಜ್ಜಿಗೆ ಅಷ್ಟೆತ್ತರಕ್ಕೆ ಕಾಲೆತ್ತೋಕಾಗಲ್ಲ. ಅಪ್ಪ ಹಾಲು ಕರೆಯುವ ಸ್ಟೂಲ್ ತಂದಿಟ್ಟರು, ನಾನು ಹಿಂದಿನಿಂದ ಹಿಡಿದುಕೊಂಡೆ. "ಇದಕ್ಕಿಂತ ಟ್ರ್ಯಾಕ್ಟ್ರೇ ವಾಸಿ ಕಣ್ ಮಗಾ, ಅದ್ರಲ್ಲಿ ಮಲಗಿಸ್ಕೊಂಡಾದ್ರೂ ಹೋದ್ರು" ಅಂದಳು ಅಜ್ಜಿ. ಶಿರಾ ತಲುಪುವ ತನಕ ಪ್ರತಿ ಗುಂಡಿಗೂ "ಅಯ್ಯಪ್ಪಾ" ಅನ್ನುತ್ತಲೇ ಇದ್ದಳು.

ಅಜ್ಜಿಯನ್ನು ಇಳಿಸಿ ಹೊರಡುವಾಗ, ಬಸ್ಸಿಗೆ ಹತ್ತಿಸಲು ಶಿರಾ ಸ್ಟ್ಯಾಂಡಿನ ತನಕ ಜೊತೆಗಿದ್ದ ಅಪ್ಪ ಒಂದು ಪ್ರಶ್ನೆ ಕೇಳಿದರು.

"ಆವತ್ತು ರಾತ್ರಿ ಈ ಗಾಡಿ ಇದ್ದಿದ್ರೆ, ಎಲ್ಲಿರ್ತಿತ್ತು?"

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ನೂರು ಚಿಲ್ಲರೆ ಕಿಲೋಮೀಟರ್ ದೂರ. ಊರಲ್ಲೇ ಬಿಟ್ಟರೂ ಓಡಿಸೋರು ಯಾರು? ಅಪ್ಪನಿಗೆ ಗೊತ್ತಿರೋದು ಬೈಕ್ ಒಂದೇ. ಹೆದ್ದಾರಿ 48ರಲ್ಲಿ ಒಬ್ಬನೇ ಬರುವಾಗ ಅದೇ ಪ್ರಶ್ನೆ ತಲೆಯಲ್ಲಿ. ನಾನು ಕಾರು ಹುಡುಕುತ್ತಿದ್ದದ್ದು ಅಜ್ಜಿಗಾಗಿಯೋ, ಆ ರಾತ್ರಿ ಅಲ್ಲಿರಲಿಲ್ಲ ಅನ್ನೋ ನನ್ನ ಸಂಕಟಕ್ಕೋ?

ಒಂದೂವರೆ ಕಿಲೋಮೀಟರಿನಲ್ಲಿ ನಿಜವಾಗಿ ಕೆಟ್ಟ ಜಾಗ ಹಳ್ಳ ಮತ್ತು ಅದರ ಎರಡು ಕಡೆ ಸೇರಿ ಇನ್ನೂರು ಮೀಟರ್ ಅಷ್ಟೇ. ಮುಂದಿನ ಬೇಸಿಗೆಯಲ್ಲಿ ಅಪ್ಪ ಅಕ್ಕಪಕ್ಕದ ತೋಟದವರನ್ನು ಕೂರಿಸಿ ಮಾತಾಡಿದರು. ಹೊಲದ ದಾರಿಗೆ ಅಂತಲೇ ಆಗ ನರೇಗಾದಲ್ಲಿ 'ನಮ್ಮ ಹೊಲ ನಮ್ಮ ದಾರಿ' ಇತ್ತು. ಆದರೆ ಮೊದಲು ಜಾಗ ಬಿಡೋಕೆ ಎಲ್ಲರೂ ಒಪ್ಪಬೇಕಿತ್ತು, ನಮ್ಮಲ್ಲಿ ಅದಕ್ಕೇ ಟೈಮ್ ಹಿಡಿಯುತ್ತಿತ್ತು. ಮಳೆಗೆ ಮುಂಚೆ ಮುಗಿಯಲಿ ಅಂತ ನಾವೇ ನಾಲ್ಕು ಮನೆಯವರು ದುಡ್ಡು ಹಾಕಿ, ಹಳ್ಳಕ್ಕೆ ಸಿಮೆಂಟ್ ಪೈಪು ಇಳಿಸಿ, ಮೇಲೆ ಎತ್ತರಿಸಿ ಗ್ರಾವೆಲ್ ಹೊಡೆಸಿದೆವು. ನನ್ನ ಪಾಲಿನ ಖರ್ಚು ಆ ಕಾರಿನ ಡೌನ್ ಪೇಮೆಂಟ್‌ಗಿಂತ ಕಮ್ಮಿ. ಹಳೇ ಹ್ಯಾಚ್‌ಬ್ಯಾಕಿಗೆ ನಾಲ್ಕು ಹೊಸ ಟೈರು ಹಾಕಿಸಿದೆ.

ಫೋರ್-ವೀಲ್ ಡ್ರೈವ್ ಬೇಡವೇ ಬೇಡ ಅಂತ ನಾನು ಹೇಳಲ್ಲ. ದಿನಾ ಮರಳಲ್ಲಿ, ಮಲೆನಾಡಿನ ಎಸ್ಟೇಟ್ ದಾರಿಯಲ್ಲಿ, ಹಿಮಾಲಯದ ರಸ್ತೆಗಳಲ್ಲಿ ಓಡಾಡೋರಿಗೆ ಅದು ಬೇಕೇ ಬೇಕು. ಆದರೆ ಬುಕ್ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ದಾರಿಯ ಕೆಟ್ಟ ಜಾಗ ಎಷ್ಟು ಉದ್ದ, ಮರಳೋ ಎರೆಮಣ್ಣೋ? ಅದಕ್ಕೆ ತಕ್ಕ ಟೈರಿಗೂ ದುಡ್ಡು ಇಟ್ಟಿದ್ದೀರಾ? ಬೇಕಾದ ಹೊತ್ತಲ್ಲಿ ಗಾಡಿ ಎಲ್ಲಿರುತ್ತೆ, ಓಡಿಸೋರು ಯಾರು?

ಕಳೆದ ಮಳೆಗಾಲದಲ್ಲಿ ಹಳ್ಳ ಮತ್ತೆ ಬಂತು. ಪೈಪುಗಳ ಕೆಳಗೆ ಕೆಂಪು ನೀರು ಭೋರಿಡುತ್ತಿರುವಾಗಲೇ ಪಕ್ಕದ ತೋಟದ ಮಗುವನ್ನು ಕರ್ಕೊಂಡು ಹೋಗೋಕೆ ಸ್ಕೂಲ್ ವ್ಯಾನ್ ದಾಟಿ ಬಂತಂತೆ. ಫೋನಿನಲ್ಲಿ ಅಜ್ಜಿಗೆ, "ನಿನಗೆ ಕಾರು ತರಲೇ ಇಲ್ಲವಲ್ಲ ನಾನು" ಅಂದೆ.

"ಬಿಡ್ಲಾ ಮಗಾ," ಅಂದಳು. "ಈಗ ಯಾರ್ ಗಾಡಿಯಾದ್ರೂ ಬತ್ತೈತೆ."