ಮೊದಲ ವಾಕ್ಯ

ವಿಶಾಖಪಟ್ಟಣ ಮತ್ತು ವಿಜಯವಾಡಗಳಲ್ಲಿ ನೆಲೆಸಿದ ಕನ್ನಡಿಗರ ಕುರಿತು ಪುಸ್ತಕವೊಂದನ್ನು ಸಿದ್ಧಪಡಿಸಲು ನಾವು ಹೊರಟದ್ದು ಪಾಂಡಿತ್ಯದ ಬಲದಿಂದಲ್ಲ. ಓದಿದ್ದು ಇಂಗ್ಲಿಷ್ ಎಂ.ಎ.; ಅನ್ನ ಕೊಡುತ್ತಿರುವುದು ಕೇಂದ್ರ ಸರ್ಕಾರದ ಕಚೇರಿ. ವರ್ಗಾವಣೆಯ ಆದೇಶಗಳು ನಮ್ಮನ್ನು ಮೊದಲು ವಿಶಾಖಪಟ್ಟಣಕ್ಕೂ ಅನಂತರ ವಿಜಯವಾಡಕ್ಕೂ ತಂದು ಬಿಟ್ಟವು. ಬಂದರು, ಹಡಗುಕಟ್ಟೆ, ಉಕ್ಕಿನ ಕಾರ್ಖಾನೆಗಳ ಉದ್ಯೋಗ ಹಿಡಿದು ಬಂದವರ, ಅವರಿಗಿಂತ ಮೊದಲೇ ಕರಾವಳಿಯಿಂದ ಬಂದು ಹೋಟೆಲು ಇಟ್ಟವರ ಮಕ್ಕಳು ಮೊಮ್ಮಕ್ಕಳಲ್ಲಿ ಈಗ ಕನ್ನಡ ಓದಬಲ್ಲವರು ವಿರಳ. ಇದ್ದವರಿಂದ ಕೇಳಿ ಬರೆದಿಡೋಣವೆಂಬುದಷ್ಟೇ ನಮ್ಮ ಆಸೆಯಾಗಿತ್ತು.

ವಿಶಾಖಪಟ್ಟಣದ ಹಿರಿಯರೊಬ್ಬರು ನಮ್ಮ ಕೈಗೆ ತಮ್ಮ ತಂದೆಯ ಹೋಟೆಲಿನ ಖಾತೆಪುಸ್ತಕವನ್ನು ಇಟ್ಟರು. ಅಕ್ಕಿ, ಉದ್ದು, ಕಾಫಿಬೀಜಗಳ ಲೆಕ್ಕ, ಅಂಕಿಗಳೆಲ್ಲ ಕನ್ನಡದವು. ಪುಸ್ತಕಕ್ಕೆ ಅದಕ್ಕಿಂತ ದೊಡ್ಡ ಸಾಮಗ್ರಿ ನಮಗೆ ದೊರೆಯಲಿಲ್ಲ. ಆದರೆ ಅವರಿಗೆ ಅದರ ಮೇಲೆ ಅಷ್ಟಾಗಿ ಅಭಿಮಾನವಿರಲಿಲ್ಲ. ಅವರ ಅಭಿಮಾನವೆಲ್ಲ ಒಂದೇ ಮಾತಿನಲ್ಲಿತ್ತು: ಸಿಂಹಾಚಲದಲ್ಲಿ ಕೃಷ್ಣದೇವರಾಯ ಕೆತ್ತಿಸಿದ್ದು ಕನ್ನಡ ಶಾಸನ, ಬಾಲ್ಯದಲ್ಲಿ ತಂದೆ ತಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಅದನ್ನು ಓದಿ ತೋರಿಸಿದ್ದರು. ನಾವು ಹಿಂದೆಮುಂದೆ ನೋಡದೆ ಅದನ್ನೇ ಪುಸ್ತಕದ ಮೊದಲ ವಾಕ್ಯ ಮಾಡಿದೆವು. ಎಂತಹ ಆರಂಭ!

ಸರ್ಕಾರಿ ನೌಕರರು ಕೇಳುವ ಪ್ರಶ್ನೆಗೆ ಇಲ್ಲಿಯೇ ಉತ್ತರಿಸಿಬಿಡುತ್ತೇವೆ. ಶುದ್ಧ ಸಾಹಿತ್ಯಿಕ ಸ್ವರೂಪದ ಪುಸ್ತಕಕ್ಕೆ ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿ ಬೇಡ. ಅಭಿಪ್ರಾಯಗಳು ಸ್ವಂತದವು, ಸರ್ಕಾರದವಲ್ಲ ಎಂದು ಸ್ಪಷ್ಟಪಡಿಸಿದರೆ ಸಾಕು. ಐಎಸ್‌ಬಿಎನ್ ಸಂಖ್ಯೆಯೂ ಉಚಿತ.

ಕಷ್ಟವಿದ್ದದ್ದು ಅಕ್ಷರದಲ್ಲಿ. ಅಚ್ಚಿನ ಕೆಲಸ ವಿಜಯವಾಡದಲ್ಲಿ. ನುಡಿಯಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವೊತ್ತುಗಳು ಮನಬಂದಲ್ಲಿ ಹೋಗಿ ಕುಳಿತವು. ಕರಡನ್ನು ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಹೊತ್ತು ತಿರುಗಿ, ರಾಜಮಂಡ್ರಿಯ ಗೋದಾವರಿ ಸೇತುವೆಯ ಮೇಲೂ ತಲೆಯೆತ್ತದೆ ತಿದ್ದಿದ್ದುಂಟು. ಪುಟ ಕಟ್ಟುತ್ತಿದ್ದ ಯುವಕ ತೆಲುಗಿನವನು. ಕ, ತ, ಶಗಳಂಥ ಕೆಲವನ್ನು ಬಿಟ್ಟರೆ ನಮ್ಮ ಅಕ್ಷರಗಳು ಅವನಿಗೆ ಅಪರಿಚಿತವಲ್ಲ, ಬೆರಳಿಟ್ಟು ಓದುತ್ತಿದ್ದ. ಒಂದು ಸಂಜೆ ಮೊದಲ ಪುಟವನ್ನು ಹಾಗೆಯೇ ಓದಿ, "ಆ ಶಾಸನ ತೆಲುಗಿನದಲ್ಲವೇ ಸಾರ್?" ಎಂದ. ನಮಗೆ ಸಿಟ್ಟು ಬಂತು. ಪುಟ ಕಟ್ಟುವವನಿಗೆ ಇದೇಕೆ ಎಂದುಕೊಂಡದ್ದನ್ನು ಒಪ್ಪಿಕೊಳ್ಳಲು ಇಂದಿಗೂ ನಾಚಿಕೆಯಾಗುತ್ತದೆ.

ಮನೆಗೆ ಬಂದು ದಕ್ಷಿಣ ಭಾರತದ ಶಾಸನಗಳ 6ನೆಯ ಸಂಪುಟವನ್ನು ಕಡೆಗೂ ತೆರೆದೆವು. ಬರೆಯುವ ಮೊದಲೇ ತೆರೆಯಬೇಕಾಗಿತ್ತು. ಶಕವರ್ಷ 1438, ಅಂದರೆ ಕ್ರಿ.ಶ. 1516. ವಿಜಯವಾಡದ ಮಗ್ಗುಲಲ್ಲೇ ಇರುವ ಕೊಂಡಪಲ್ಲಿಯನ್ನು ಗೆದ್ದು ಕಳಿಂಗದತ್ತ ನಡೆದ ರಾಯ, ತಾಯಿ ನಾಗಲಾದೇವಿ ಮತ್ತು ತಂದೆ ನರಸನಾಯಕರ ಪುಣ್ಯಾರ್ಥವಾಗಿ ಸಿಂಹಾದ್ರಿಯ ದೇವರಿಗೆ 991 ಮುತ್ತುಗಳ ಕಂಠಮಾಲೆಯನ್ನು ಅರ್ಪಿಸಿದ್ದಾನೆ. ಭಾಷೆ ತೆಲುಗು. ಸಂಶಯಕ್ಕೆ ಎಡೆಯೇ ಇಲ್ಲ. ಆದರೆ ರಾಯನ ಬಿರುದಾವಳಿಯ ನಡುವೆ ಅಚ್ಚಗನ್ನಡದ ಒಂದು ಬಿರುದು: ಮೂರುರಾಯರಗಂಡ. ಆ ಕಾಲಕ್ಕೆ ಎರಡು ಭಾಷೆಗಳ ಲಿಪಿ ಬಹುಮಟ್ಟಿಗೆ ಒಂದೇ. ಹಿರಿಯರ ತಂದೆ ಓದಿದ್ದು ಆ ಬಿರುದನ್ನಾಗಿರಬಹುದೆಂದು ನಮ್ಮ ಊಹೆ. ಪರಸ್ಥಳದ ಕಲ್ಲಿನಲ್ಲಿ ನಮ್ಮ ನುಡಿ ಕಂಡವನಿಗೆ ಇಡೀ ಕಲ್ಲೇ ತನ್ನದೆನಿಸಿದರೆ ಅಚ್ಚರಿಯೇನು?

ಮಿತ್ರರು ವಾಕ್ಯ ಹಾಗೆಯೇ ಇರಲಿ ಎಂದರು. ಯಾರು ಸಿಂಹಾಚಲಕ್ಕೆ ಹೋಗಿ ಪರೀಕ್ಷಿಸುತ್ತಾರೆ, ಇಳಿವಯಸ್ಸಿನವರ ಮನಸ್ಸನ್ನು ಏಕೆ ನೋಯಿಸಬೇಕು ಎಂದರು. ಎರಡು ರಾತ್ರಿ ನಾವೂ ಅತ್ತ ವಾಲಿದ್ದೆವು. ಆದರೆ ಮೊದಲ ವಾಕ್ಯವೇ ಸುಳ್ಳಾದರೆ ಖಾತೆಪುಸ್ತಕದ ಅಕ್ಕಿಯ ಲೆಕ್ಕವನ್ನು ಯಾರು ನಂಬಬೇಕು?

ತಿದ್ದಿದ ಪುಟವನ್ನು ಹಿಡಿದು ವಿಶಾಖಪಟ್ಟಣಕ್ಕೆ ಹೋದೆವು. ಅವರಿಗೆ ಕಣ್ಣು ಮಂಜಾಗಿತ್ತು, ನಾವೇ ಓದಿದೆವು. ಬಹಳ ಹೊತ್ತು ಮಾತಿಲ್ಲ. ಅನಂತರ, "ಹಾಗಾದರೆ ಅಪ್ಪ ಸುಳ್ಳು ಹೇಳಿದರೋ?" ಎಂದರು. ಮೂರುರಾಯರಗಂಡದ ವಿಷಯ ವಿವರಿಸಿದೆವು. ಕೇಳಿಸಿಕೊಂಡರು. ಒಳಗಿನಿಂದ ಕಾಫಿ ಬಂತು, ಕುಡಿದೆವು. ಹೊರಡುವಾಗ ಅವರು ಹೇಳಿದ್ದು ಇಷ್ಟೇ: "ನೀವು ಬರೆದದ್ದು ಸರಿಯೇ ಇದ್ದೀತು. ಖಾತೆಪುಸ್ತಕದ ಚಿತ್ರ ಇರಲಿ. ನನ್ನ ಹೆಸರು ಮಾತ್ರ ಬೇಡ."

ಪುಸ್ತಕ ಹೊರಬಂತು. ಕೃತಜ್ಞತೆಯ ಪುಟದಲ್ಲಿ ಮೊದಲು ಇರಬೇಕಾಗಿದ್ದ ಹೆಸರಿಲ್ಲ. ಪುಟ ಕಟ್ಟಿದ ಯುವಕನ ಹೆಸರಿದೆ. ಅಂಚೆಯಲ್ಲಿ ಕಳಿಸಿದ ಪ್ರತಿಗೆ ಹಿರಿಯರಿಂದ ಉತ್ತರ ಬಂದಿಲ್ಲ. ಖಾತೆಪುಸ್ತಕವನ್ನು ಅವರು ಹಿಂದಕ್ಕೆ ಕೇಳಿಲ್ಲ, ಕೊಡಲು ಹೋಗುವ ಧೈರ್ಯ ನಮಗೂ ಬಂದಿಲ್ಲ. ಅದು ನಮ್ಮ ಮೇಜಿನ ಮೇಲೆಯೇ ಇದೆ.