ಮಾರಲಿಟ್ಟ ನಾವೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಹೆಸರನ್ನು ಕೇಳಿದೊಡನೆ ದೂರದ ವಾಚಕರಿಗೆ ನಿಪ್ಪಾಣಿಯ ತಂಬಾಕು, ಕಬ್ಬಿನ ಹೊಲ, ಸಕ್ಕರೆಯ ಕಾರಖಾನೆ ಇವೇ ಮೊದಲು ನೆನಪಾಗುವುವು. ಆದರೆ ಈ ಸಿರಿಯೆಲ್ಲಕ್ಕೂ ಮೂಲವಾದುದು ಹೊಳೆಯ ನೀರು. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಯು ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಇತ್ತ ಬರುತ್ತಾಳೆ. ವೇದಗಂಗೆಯು ದೂಧಗಂಗೆಯಲ್ಲಿಯೂ, ದೂಧಗಂಗೆಯು ಕೃಷ್ಣೆಯಲ್ಲಿಯೂ ಬೆರೆಯುತ್ತವೆ. ಎಲ್ಲವೂ ಸಹ್ಯಾದ್ರಿಯ ಮಳೆಯನ್ನುಂಡು ಬೆಳೆದ ನದಿಗಳು. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಘಟ್ಟದ ಮೇಲಣ ಮಳೆಯಿಂದ ಹೊಳೆಯು ದಡ ಮೀರುವುದುಂಟು. ಇಂತಹ ಸೀಮೆಯಲ್ಲಿ ದಾಟುವ ಸಾಧನವೆಂಬುದು ಬಾಳುವೆಯ ಒಂದು ಅಂಗವೇ ಸರಿ.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅಮರಕೋಶದ ವಾರಿವರ್ಗವನ್ನು ಬಾಯಿಪಾಠ ಮಾಡಿದವರಿಗೆ ನೌ, ತರಣಿ, ತರಿ ಎಂಬ ನಾವೆಯ ಹೆಸರುಗಳು ಮಾತ್ರವಲ್ಲ, ದಾಟಿಸಿದ ಕೂಲಿಗೆ ‘ಆತರ’ವೆಂದೂ, ಚುಕ್ಕಾಣಿ ಹಿಡಿದವನಿಗೆ ‘ಕರ್ಣಧಾರ’ನೆಂದೂ ಬೇರೆ ಬೇರೆ ಹೆಸರುಗಳಿರುವುದು ತಿಳಿದಿರುವುದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರು ತಮ್ಮ ಕಸುಬಿನ ಹೆಸರನ್ನೇ ಅಂಕಿತವಾಗಿಟ್ಟುಕೊಂಡರು. ೧೮೦೩ರಲ್ಲಿ ಪುಣೆಯತ್ತ ದಂಡು ನಡೆಸಿದ ಆರ್ಥರ್ ವೆಲ್ಲೆಸ್ಲಿ ಎಂಬ ಸೇನಾನಿಯು, ಮುಂದೆ ವೆಲ್ಲಿಂಗ್ಟನ್ ಡ್ಯೂಕನೆಂದು ಹೆಸರಾದವನು, ಈ ಕಡೆಯ ಹೊಳೆಗಳಿಗಾಗಿ ತೊಗಲು ಹೊದಿಸಿದ ಹರಿಗೋಲುಗಳನ್ನು ಸಿದ್ಧಪಡಿಸಿಕೊಳ್ಳಬೇಕಾಯಿತು. ತೋಪು ಬಂದೂಕುಗಳಿದ್ದರೂ ಹೊಳೆಯ ಮುಂದೆ ಬುಟ್ಟಿಯೇ ಗತಿಯಾಯಿತೆಂದರೆ ನದಿಯ ಪ್ರತಾಪವೆಷ್ಟೆಂಬುದನ್ನು ಊಹಿಸಬಹುದು.

ಈಗಲಾದರೋ ಸೇತುವೆಗಳು ಬಂದಿವೆ. ಚಿಕ್ಕೋಡಿಯಿಂದ ಹೊರಟವರು ಅಂಕಲಿ–ಮಾಂಜರಿಯ ನಡುವೆ ಮೋಟಾರಿನಲ್ಲಿ ಕುಳಿತಲ್ಲಿಂದ ಕದಲದೆ ಕೃಷ್ಣೆಯನ್ನು ದಾಟುತ್ತಾರೆ. ಆದಕಾರಣ ನಾವೆಗಳಿಗೆ ಕೆಲಸ ತಪ್ಪಿತು. ಕೆಲವು ದಂಡೆಯಲ್ಲಿ ಮಗುಚಿ ಬಿದ್ದು ಗೆದ್ದಲಿಗೆ ಆಹಾರವಾದವು. ಕೆಲವು ಒಲೆ ಸೇರಿದವು. ಆದರೆ ತಗ್ಗಿನ ಸೇತುವೆಗಳ ಕಥೆಯೇ ಬೇರೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಭೋಜವಾಡಿ–ಕುನ್ನೂರ ಇವುಗಳ ನಡುವಿನ ಸೇತುವೆಗಳು ಮಳೆ ಬಲಿತಾಗ ನೀರಿನೊಳಗಾಗುತ್ತವೆ. ೨೦೦೫, ೨೦೧೯, ೨೦೨೧ರ ಮಹಾಪೂರಗಳಲ್ಲಿ ಹೊಳೆಯು ಸೇತುವೆಗಷ್ಟೇ ನಿಲ್ಲದೆ ಊರೊಳಕ್ಕೂ ನುಗ್ಗಿತು. ಅಂತಹ ದಿನಗಳಲ್ಲಿ ಜನರು ಮೊದಲು ಕೇಳುವ ಮಾತು ‘ನಾವೆ ಎಲ್ಲಿದೆ?’ ಎಂಬುದೇ ಆಗಿದೆ.

ಹೀಗಿರಲು ಕಳೆದ ಮಾಘಮಾಸದಲ್ಲಿ, ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ ಹಳೆಯ ಮರದ ನಾವೆಯೊಂದನ್ನು ಜೀರ್ಣೋದ್ಧಾರ ಮಾಡಿ, ಎಂಜಿನು ಕೂಡಿಸಿ, ಮಾರಲು ಇಟ್ಟಿದ್ದಾರೆಂಬ ಸುದ್ದಿ ಬಂದಿತು. ನಮ್ಮ ಹಳೆಯ ಶಿಷ್ಯರೊಬ್ಬರು ಅದೇ ಊರಿನ ಒಕ್ಕಲಿಗರು. ಬಂದು ನೋಡಬೇಕೆಂದು ಕರೆದರು. ವ್ಯವಹಾರವು ಇನ್ನೂ ಮುಗಿಯದಿರುವುದರಿಂದ ಊರಿನ ಹೆಸರನ್ನು ಇಲ್ಲಿ ಹೇಳದಿರುವುದೇ ಲೇಸು.

ನಾವು ಹೋದಾಗ ಹೊಳೆಯು ಇಳಿದು ಶಾಂತವಾಗಿತ್ತು. ಆಚೆಯ ದಡದಲ್ಲಿ ಕಬ್ಬು ಕಡಿಯುತ್ತಿದ್ದರು. ನಾವೆಯು ಅರ್ಧ ನೀರಿನಲ್ಲಿ, ಅರ್ಧ ಮರಳಿನಲ್ಲಿ ನಿಂತಿತ್ತು. ಉದ್ದ ಇಪ್ಪತ್ತು ಮೊಳ, ಅಗಲ ಐದು ಮೊಳ; ಸಾಗವಾನಿಯ ಹಲಗೆ, ಜಾಲಿಯ ಬಾಗುಮರದ ಪಕ್ಕೆಲುಬುಗಳು. ನಡುವೆ ನಾಲ್ಕು ಕಂಬಗಳ ಮೇಲೆ ಮಾಡು, ಅದರ ಕೆಳಗೆ ಎದುರುಬದುರಾಗಿ ಎರಡು ಹಲಗೆಯ ಆಸನಗಳು, ಹಿಂದುಗಡೆ ಡೀಸೆಲ್ ಎಂಜಿನು. ಹಸಿರು ಬಣ್ಣವನ್ನು ಹೊಸದಾಗಿ ಬಳಿದಿದ್ದರು. ಒಡೆಯರಾದ ಎಪ್ಪತ್ತು ವರ್ಷದ ಅಂಬಿಗರು ನಮ್ಮನ್ನು ಕಂಡೊಡನೆ ಆಡಿದ ಮೊದಲನೆಯ ಮಾತಿದು: “ಮಾಸ್ತರ್ರ, ಬಣ್ಣ ನೋಡಬ್ಯಾಡ್ರಿ, ತಳಾ ನೋಡ್ರಿ.”

ಈ ಒಂದು ಮಾತಿನಲ್ಲಿ ನೌಕಾಶಾಸ್ತ್ರದ ಅರ್ಧಭಾಗವಿದೆಯೆಂದರೆ ತಪ್ಪಾಗದು. ಧಾರಾನಗರದ ಭೋಜರಾಜನದೆಂದು ಹೇಳುವ ‘ಯುಕ್ತಿಕಲ್ಪತರು’ ಎಂಬ ಸಂಸ್ಕೃತ ಗ್ರಂಥದಲ್ಲಿ ನಾವೆಗಳ ವಿಚಾರವು ವಿಸ್ತಾರವಾಗಿ ಬಂದಿದೆ. ಅದರಲ್ಲಿ ಮರಗಳನ್ನು ನಾಲ್ಕು ಜಾತಿಯಾಗಿ ವಿಂಗಡಿಸಿ, ಹಗುರವೂ ಗಟ್ಟಿಯೂ ಆದ ಮರವೇ ನಾವೆಗೆ ಶ್ರೇಷ್ಠವೆಂದೂ, ಭಿನ್ನ ಜಾತಿಯ ಮರಗಳನ್ನು ಬೆರೆಸಿದರೆ ಒಳ್ಳೆಯದಲ್ಲವೆಂದೂ ಹೇಳಿದೆ. ಅಲ್ಲಿಯ ಅತಿ ಚಿಕ್ಕ ನೌಕೆಯಾದ ‘ಕ್ಷುದ್ರಾ’ ಎಂಬುದರ ಉದ್ದ ಹದಿನಾರು ಮೊಳ, ಅಗಲ ನಾಲ್ಕು ಮೊಳ. ನಮ್ಮೆದುರಿನ ನಾವೆ ಅದಕ್ಕಿಂತ ತುಸು ದೊಡ್ಡದು. ಕೋಣೆಯಿರುವ ನೌಕೆಗಳಲ್ಲಿ ಸರ್ವಮಂದಿರಾ, ಮಧ್ಯಮಂದಿರಾ, ಅಗ್ರಮಂದಿರಾ ಎಂದು ಮೂರು ಬಗೆ. ನಡುವೆ ಮನೆಯುಳ್ಳ ಮಧ್ಯಮಂದಿರೆಯು ಅರಸರ ವಿಹಾರಕ್ಕೂ ಮಳೆಗಾಲಕ್ಕೂ ತಕ್ಕುದಂತೆ. ನಡುವೆ ಮಾಡುಳ್ಳ ಈ ಬಡ ನಾವೆಯೂ ಮಧ್ಯಮಂದಿರೆಯೇ ಎಂದು ನಾವು ಹೇಳಲು ಅಂಬಿಗರು ನಕ್ಕು, “ಅರಸರು ಯಾರೂ ಹತ್ತಿಲ್ರಿ, ಮಳಿ ಮಾತ್ರ ಭಾಳ ಕಂಡೈತಿ” ಎಂದರು.

ಅದೇ ಗ್ರಂಥವು, ಕಡಲಿನ ಅಯಸ್ಕಾಂತ ಶಿಲೆಗಳು ಸೆಳೆದಾವೆಂಬ ಕಾರಣದಿಂದ, ಹಲಗೆಗಳನ್ನು ಕಬ್ಬಿಣದಿಂದ ಜೋಡಿಸಬಾರದೆನ್ನುತ್ತದೆ. ಕಾರಣವನ್ನು ಈಗಿನವರು ಒಪ್ಪಲಾರರು. ಆದರೆ ಎಚ್ಚರಿಕೆಯು ವ್ಯರ್ಥವಲ್ಲ. ಕಬ್ಬಿಣದ ಮೊಳೆಯು ನೀರಿನಲ್ಲಿ ತುಕ್ಕು ಹಿಡಿದು ಉಬ್ಬಿ, ಸುತ್ತಲಿನ ಮರವನ್ನು ಕೆಡಿಸುವುದು. ಆದಕಾರಣ ತಾಮ್ರದ ಮೊಳೆಗಳೇ ಉತ್ತಮವೆಂದು ಕಡಲೂರುಗಳ ಬಡಗಿಗಳೂ ಬಲ್ಲರು. ಈ ನಾವೆಯಲ್ಲಿ ಹಳೆಯ ಕಬ್ಬಿಣದ ಮೊಳೆಗಳಲ್ಲಿ ಸವೆದವನ್ನೆಲ್ಲ ಕಿತ್ತು, ಕೆಟ್ಟ ಹಲಗೆಗಳನ್ನು ತೆಗೆದು ಅದೇ ಜಾತಿಯ ಹೊಸ ಹಲಗೆಗಳನ್ನಿಟ್ಟು, ಸಂದುಗಳಿಗೆ ಹತ್ತಿಯನ್ನು ಬಡಿದು, ರಾಳ ಎಣ್ಣೆಗಳ ಮೇಣವನ್ನು ತುಂಬಿದ್ದರು.

ಹಳೆಯ ನಾವೆಯನ್ನು ಕೊಳ್ಳುವವರಿಗೆ ಉಪಯೋಗವಾಗಲೆಂದು ಅಂಬಿಗರು ತೋರಿಸಿದ ಪರೀಕ್ಷೆಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಚೂರಿಯ ತುದಿಯನ್ನು ಹಲಗೆಗೆ ಒತ್ತಬೇಕು. ಸುಲಭವಾಗಿ ಇಳಿದರೆ ಮರವು ಕೊಳೆತಿದೆಯೆಂದು ತಿಳಿಯಬೇಕು. ಬಣ್ಣದ ಮೇಲಿಂದ ಬೆರಳ ಗೆಣ್ಣಿನಿಂದ ಬಡಿದರೆ ಒಳ್ಳೆಯ ಮರವು ಠಣ್ಣೆನ್ನುವುದು, ಕೆಟ್ಟುದು ದಡ್ಡೆನ್ನುವುದು. ಹೊಳೆಯ ನೀರಿಗಿಂತಲೂ ಒಳಗೆ ನಿಂತ ಮಳೆಯ ನೀರೇ ಮರಕ್ಕೆ ದೊಡ್ಡ ಶತ್ರು. ಗಾಳಿಯಾಡದ ಮೂಲೆಗಳಲ್ಲಿಯೇ ಕೊಳೆಯು ಹುಟ್ಟುವುದು. ಎಂಜಿನಿನ ಕೆಳಗೆ ಉದ್ದವಾದ ತೊಲೆಗಳಿರಬೇಕು. ಇಲ್ಲದಿದ್ದರೆ ಅದರ ನಡುಕವೆಲ್ಲ ಎರಡು ಮೂರು ಹಲಗೆಗಳ ಮೇಲೆಯೇ ಬಿದ್ದು ಸಂದುಗಳು ಬಿಚ್ಚುವುವು. ಎಲ್ಲಕ್ಕಿಂತ ಮುಖ್ಯವಾದುದೊಂದುಂಟು: ಒಣಗಿದ ನಾವೆಯನ್ನು ನೀರಿಗಿಳಿಸಿದ ಮೊದಲ ದಿನ ಸೋರಿದರೆ ಹೆದರಬೇಕಾಗಿಲ್ಲ, ಹಲಗೆಗಳು ನೀರು ಕುಡಿದು ಉಬ್ಬಿ, ಕೆಲವು ದಿನಗಳಲ್ಲಿ ಸಂದುಗಳು ತಾವಾಗಿಯೇ ಮುಚ್ಚಿಕೊಳ್ಳುವುವು. ಅದಕ್ಕೆ ವಿಪರೀತವಾಗಿ, ನೆಲದ ಮೇಲೆ ಬಿಸಿಲಿಗೆ ಬಿಟ್ಟ ನಾವೆಯು ಕುಗ್ಗಿ ಕುಗ್ಗಿ ಸೀಳುವುದು. ಮರದ ನಾವೆಗೆ ನೀರೇ ಔಷಧ.

ಇನ್ನು ಮಾರಾಟದ ಮಾತು. ಕೊಳ್ಳುವವರು ಇಬ್ಬರಿದ್ದರು. ಹೆದ್ದಾರಿಯಲ್ಲಿ ಹೊಟೇಲನ್ನು ಕಟ್ಟುತ್ತಿರುವವರೊಬ್ಬರು ನಾವೆಯನ್ನು ಅಂಗಳದಲ್ಲಿ ಗಟ್ಟಿಮಾಡಿ ನಿಲ್ಲಿಸಿ, ಅದರೊಳಗೆ ಮೇಜು ಕುರ್ಚಿಗಳನ್ನಿಡಲು ಬಯಸಿದ್ದರು. ಕೇಳಿದ ಬೆಲೆಯನ್ನು ಕೂಡಲೇ ಕೊಡಲು ಸಿದ್ಧರಿದ್ದರು. ಇನ್ನೊಂದು ಕಡೆ ನಮ್ಮ ಶಿಷ್ಯರೂ ಅವರ ನೆರೆಯವರೂ ಕೂಡಿ, ಪೂರದ ಕಾಲಕ್ಕೆ ಊರಿಗೊಂದು ನಾವೆಯಿರಲೆಂದು ಹಣ ಸೇರಿಸುತ್ತಿದ್ದರು.

“ಕಾಕಾ, ಕಬ್ಬಿನ ಬಿಲ್ಲು ಬರೂತನಕಾ ತಡೀರಿ. ಹತ್ತು ಮನಿಯವರು ಕೂಡಿ ಕೊಡ್ತೀವಿ” ಎಂದರು ನಮ್ಮ ಶಿಷ್ಯರು.

ಅಂಬಿಗರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಡೀಬೇಕು ಅಂತ ನನಗೂ ಐತಿ ತಮ್ಮಾ. ಖರೇ, ವೈಶಾಖದಾಗ ಮೊಮ್ಮಗಳ ಮದಿವಿ ಐತಿ. ಹೊಟೇಲದವ್ರು ನಾಳೆನ ರೊಕ್ಕಾ ಎಣಸ್ತೀನಿ ಅಂತಾರ. ನೆಲದ ಮ್ಯಾಲ ಇಟ್ರ ಎರಡು ಬ್ಯಾಸಗಿಗೆ ಹಲಿಗಿ ಬಿಡತಾವ, ಅದೂ ಗೊತ್ತೈತಿ” ಎಂದರು.

ಇದರಲ್ಲಿ ಯಾರನ್ನು ದೂರೋಣ? ಹೊಟೇಲಿನವರು ನ್ಯಾಯವಾದ ಬೆಲೆಯನ್ನೇ ಕೊಡುವವರು. ಅಜ್ಜನಿಗೆ ಮೊಮ್ಮಗಳ ಮದುವೆಯು ಹೊಳೆಯ ಪೂರಕ್ಕಿಂತ ಸಣ್ಣ ಸಂಗತಿಯೇನೂ ಅಲ್ಲ.

ಮರುದಿನ ಕಾಗವಾಡ ತಾಲೂಕಿನ ಜುಗೂಳದ ಕಡೆಗೆ ಹೋದೆವು. ಅದರೆದುರಿಗೆ, ಮಹಾರಾಷ್ಟ್ರಕ್ಕೆ ಸೇರಿದ ದಡದಲ್ಲಿ, ಖಿದ್ರಾಪುರದ ಕೋಪೇಶ್ವರ ದೇವಾಲಯವಿದೆ. ಅದರ ಸ್ವರ್ಗಮಂಟಪದಲ್ಲಿ ನಾಲ್ವತ್ತೆಂಟು ಕಂಬಗಳು. ನಡುವೆ ಚಾವಣಿಯಿಲ್ಲದೆ ದುಂಡಾಗಿ ಆಕಾಶವೇ ಕಾಣುತ್ತದೆ. ಯಾದವರ ಸಿಂಘಣನು ಹದಿಮೂರನೆಯ ಶತಮಾನದ ಮೊದಲಿಗೆ ಈ ದೇವಾಲಯದ ದುರಸ್ತಿಗಾಗಿ ಭೂಮಿಯನ್ನು ಕೊಟ್ಟುದನ್ನು ಅಲ್ಲಿಯ ಸಂಸ್ಕೃತ ಶಾಸನವು ಹೇಳುತ್ತದೆ. ಅದನ್ನು ನೋಡುತ್ತ ನಿಂತಾಗ ನಿನ್ನೆಯ ನಾವೆಯು ಮನಸ್ಸಿಗೆ ಬಂದಿತು. ಕಲ್ಲಿನ ಜೀರ್ಣೋದ್ಧಾರಕ್ಕೆ ಅರಸರು ಭೂಮಿಯನ್ನು ಬಿಟ್ಟರು, ಶಾಸನವನ್ನು ಕೆತ್ತಿಸಿದರು. ಆ ಗುಡಿಗೆ ಭಕ್ತರನ್ನು ತಲೆಮಾರುಗಳಿಂದ ದಾಟಿಸಿದ ಮರದ ನಾವೆಗಳ ದುರಸ್ತಿಗೆ ಯಾರು ಏನನ್ನು ಬಿಟ್ಟರು? ಅಂಬಿಗನ ಆತರವೊಂದೇ ಅದಕ್ಕೆ ಆಧಾರವಾಗಿದ್ದಿತು. ಸೇತುವೆ ಬಂದ ಕಡೆಗಳಲ್ಲಿ ಅದೂ ನಿಂತಿತು.

ಹಳೆಯ ನಾವೆಯನ್ನು ಉಳಿಸುವುದು ಬರಿಯ ಹವ್ಯಾಸವೆಂದು ಭಾವಿಸುವವರಿಗೆ ದೂರದೇಶದ ಒಂದು ದೃಷ್ಟಾಂತವನ್ನು ಹೇಳಬಹುದು. ಟೈಟಾನಿಕ್ ಹಡಗು ಮುಳುಗಿದಾಗ ಬದುಕಿ ಉಳಿದ ಅಧಿಕಾರಿಗಳಲ್ಲಿ ಲೈಟೊಲರ್ ಎಂಬಾತನೊಬ್ಬನು. ಆತನು ನಿವೃತ್ತಿಯ ಕಾಲಕ್ಕೆಂದು, ೧೯೧೨ರಲ್ಲಿ ಕಟ್ಟಿದ್ದ ಮರದ ಹಳೆಯ ನೌಕೆಯೊಂದನ್ನು ಕೊಂಡು, ಅದನ್ನು ಮೋಟಾರಿನ ವಿಹಾರನೌಕೆಯಾಗಿ ಮಾರ್ಪಡಿಸಿ ‘ಸನ್‌ಡೌನರ್’ ಎಂದು ಹೆಸರಿಟ್ಟನು. ೧೯೪೦ರ ಜೂನಿನಲ್ಲಿ ಡಂಕರ್ಕ್ ತೀರದಲ್ಲಿ ಸೈನ್ಯವು ಸಿಕ್ಕಿಬಿದ್ದಾಗ, ಮಗನೊಡನೆ ಅದನ್ನು ತಾನೇ ನಡೆಸಿಕೊಂಡು ಹೋಗಿ, ಸುಮಾರು ೧೩೦ ಮಂದಿಯನ್ನು ಹೊತ್ತು ತಂದನು. ವಿಹಾರಕ್ಕೆಂದು ದುರಸ್ತಿಯಾದುದು ಪ್ರಾಣರಕ್ಷಣೆಗೆ ಒದಗಿತು. ಅದು ನೀರಿನ ಮೇಲಿದ್ದುದರಿಂದ ಒದಗಿತು. ಯಾರದೋ ಅಂಗಳದಲ್ಲಿದ್ದರೆ ಒದಗುತ್ತಿರಲಿಲ್ಲ.

ಹೊಳೆಯ ದಂಡೆಯ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೇ. ಸೇತುವೆಯು ವರ್ಷದ ಬಹುದಿನಗಳ ಸಂಗಾತಿ. ನಾವೆಯು ಕೆಟ್ಟ ದಿನಗಳ ನಂಟ. ಇಬ್ಬರೂ ಬೇಕು. ಜಾತ್ರೆಗೆಂದು, ಗುಡಿಯ ಕಳಸಕ್ಕೆಂದು ವರ್ಗಣಿ ಎತ್ತುವ ನಮ್ಮ ಹಳ್ಳಿಗಳು ಊರಿಗೊಂದು ನಾವೆಗಾಗಿ ಎತ್ತಲಾರವೆ? ಎತ್ತಿ ಕೊಂಡರೆ ಸಾಲದು. ಬೇಸಗೆಯಲ್ಲಿಯೂ ಅದನ್ನು ನೀರಿನಲ್ಲಿಟ್ಟು, ಒಳಗಿನ ಮಳೆನೀರನ್ನು ತೋಡಿ, ವರ್ಷಕ್ಕೊಮ್ಮೆ ಸಂದುಗಳನ್ನು ನೋಡಿ, ಅದನ್ನು ನಡೆಸಬಲ್ಲ ಒಬ್ಬ ಹುಡುಗನನ್ನು ಹಿರಿಯ ಅಂಬಿಗರ ಕೈಕೆಳಗೆ ತಯಾರು ಮಾಡಬೇಕು. ನಾವೆಯನ್ನು ರೊಕ್ಕಕ್ಕೆ ಕೊಳ್ಳಬಹುದು, ಕರ್ಣಧಾರನನ್ನು ಕೊಳ್ಳಲು ಬರುವುದಿಲ್ಲ.

ನಾವು ಊರಿಗೆ ಹೊರಡುವ ಮುನ್ನ ಹತ್ತು ಮನೆಗಳವರಲ್ಲಿ ಆರು ಮನೆಗಳವರು ತಮ್ಮ ಪಾಲನ್ನು ತಂದುಕೊಟ್ಟಿದ್ದರು. ಉಳಿದ ನಾಲ್ಕು ಮನೆಗಳವರೂ ಕೊಡಲಿ, ಮೊಮ್ಮಗಳ ಮದುವೆಯೂ ಕಳೆಗಟ್ಟಲಿ, ಆಷಾಢದ ಮೊದಲ ಕೆಂಪು ನೀರು ಬರುವುದರೊಳಗಾಗಿ ಆ ಹಸಿರು ನಾವೆಯು ಊರಿನದಾಗಿರಲಿ ಎಂದು ಹಾರೈಸುತ್ತೇವೆ.