ಜೋಳಿಗೆಗೆ ಹಾಕಿದ ಮೇಲೆ

ಶರಣ ಪರಂಪರೆಯಲ್ಲಿ ಸಂಗಕ್ಕೆ ವಿಶೇಷವಾದ ಸ್ಥಾನವಿದೆ. ಕಲ್ಯಾಣದ ಶರಣ ಬಳಗದಲ್ಲಿ ಹೆಂಡದ ಮಾರಯ್ಯನವರೂ ಇದ್ದರು. ಹೆಂಡ ಮಾರುವ ಕಾಯಕದಿಂದ ಬಂದ ಅವರು ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿ, ಆ ಕಾಯಕದ ಮಾತುಗಳನ್ನೇ ಅನುಭಾವದ ಮಾತುಗಳನ್ನಾಗಿಸಿದರು. ಎಲ್ಲಿಂದ ಬಂದೆ ಎಂದು ಕೇಳದೆ ಒಳಗೆ ಕರೆದುಕೊಂಡ ಸಂಗವದು.

ನಮ್ಮ ಕಾಲದಲ್ಲಿ ಇಳಕಲ್ಲಿನ ಡಾ. ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಊರೂರು ಸಂಚರಿಸಿ, ಕಾಳುಕಡಿಗೆ ಬದಲಾಗಿ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಲಿಂಗೈಕ್ಯರಾದ ಪೂಜ್ಯರ ಜನ್ಮದಿನವಾದ ಆಗಸ್ಟ್ 1, ನಾಡಿನಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಗೊಳ್ಳುತ್ತಿದೆ. ಆದರೆ ಜೋಳಿಗೆಗೆ ಚಟವನ್ನು ಹಾಕಿದವನು ಮನೆಗೆ ಮರಳಿದ ಮೇಲೆ ಬರುವ ದಿನಗಳನ್ನು ಹೇಗೆ ಕಳೆಯಬೇಕು?

ಬೀಜ-ಗೊಬ್ಬರದ ಅಂಗಡಿಯ ಗೃಹಸ್ಥರೊಬ್ಬರ ಬದುಕು ಈ ಪ್ರಶ್ನೆಗೆ ಉತ್ತರವಾಗಬಲ್ಲದು. ಅವರು ತುಂಬಿದ ಸಭೆಯಲ್ಲಿ ಕುಡಿತವನ್ನು ಜೋಳಿಗೆಗೆ ಹಾಕಿ ಎಲ್ಲರ ಚಪ್ಪಾಳೆ ಪಡೆದಿದ್ದರು. ವ್ರತ ನಲವತ್ತು ದಿನ ನಡೆಯಿತು. ಒಂದು ಮದುವೆಯ ರಾತ್ರಿ ಮುರಿಯಿತು. ಆ ಬಳಿಕ ಕುಡಿತ ಮೊದಲಿಗಿಂತ ಹೆಚ್ಚಾಯಿತು; ಅದಕ್ಕಿಂತ ಹೆಚ್ಚಾದುದು ನಾಚಿಕೆ. ಮಠದ ದಾರಿ ಬಿಟ್ಟು ಸುತ್ತಿ ನಡೆದರು. ಮುಂಜಾನೆ ಕರಡಿಗೆಯನ್ನು ಬಿಚ್ಚಲು ಕೈ ನಡುಗುತ್ತಿತ್ತು. ನಡುಕ ಕುಡಿತದ್ದೋ ಅಂಜಿಕೆಯದ್ದೋ ಅವರಿಗೇ ತಿಳಿಯದು.

ಕೊನೆಗೆ ಅವರ ಮನೆಯವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ದರು. ಬಹುಕಾಲ ಅತಿಯಾಗಿ ಕುಡಿದವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್, ಬುದ್ಧಿಭ್ರಮಣೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದೆಂದು ಹೇಳಿ ವೈದ್ಯರು ಅವರನ್ನು ದಾಖಲಿಸಿಕೊಂಡರು. ಬಿಡುಗಡೆಯ ದಿನ ಚೀಟಿಯ ಹಿಂಬದಿಯಲ್ಲಿ ಒಂದು ವಿಳಾಸ ಬರೆದುಕೊಟ್ಟರು: ಭಾನುವಾರ ಸಂಜೆ, ಚರ್ಚಿನ ಶಾಲೆಯ ಒಂದು ಕೋಣೆ, ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ.

ಎರಡು ಭಾನುವಾರ ಅವರು ಗೇಟಿನವರೆಗೆ ಹೋಗಿ ಹಿಂದಿರುಗಿದರು. ಲಿಂಗವಂತನಾದವನು ಚರ್ಚಿನ ಅಂಗಳಕ್ಕೆ ಹೋಗಬಹುದೇ? ಊರವರು ಕಂಡರೆ ಏನೆಂದಾರು? ಮೂರನೆಯ ವಾರ ಒಳಗೆ ಕಾಲಿಟ್ಟಾಗ ಸಭೆ ನಡೆಸಲು ಕುಳಿತಿದ್ದವನು, ಅವರದೇ ಅಂಗಡಿಗೆ ಗೊಬ್ಬರದ ಚೀಲ ಇಳಿಸುವ ಹಮಾಲ! ಕುಡಿತ ಬಿಟ್ಟು ಆತನಿಗೆ ಆರು ವರ್ಷ.

“ಬರ್ರಿ, ಕುಂಡರ್ರಿ. ಇಲ್ಲಿ ಸಾವ್ಕಾರ, ಹಮಾಲ ಅಂತ ಇಲ್ರಿ” ಎಂದು ಆತ ಬೆಂಚು ತೋರಿಸಿದ.

ಈ ಕೂಟ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ನಗರದಲ್ಲಿ. ಕುಡಿತದಿಂದ ಸೋತಿದ್ದ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಪರಸ್ಪರ ಮಾತಾಡುತ್ತ, ಮತ್ತೊಬ್ಬ ಕುಡುಕನಿಗೆ ನೆರವಾಗುವುದರಲ್ಲೇ ತಮ್ಮ ಬಿಡುಗಡೆಯನ್ನೂ ಕಂಡುಕೊಂಡರು. ಭಾರತಕ್ಕೆ ಇದು ಬಂದದ್ದು 1957ರಲ್ಲಿ. ಇಲ್ಲಿ ಶುಲ್ಕವಿಲ್ಲ, ಸದಸ್ಯನಾಗಲು ಕುಡಿತ ಬಿಡುವ ಬಯಕೆಯೊಂದೇ ಅರ್ಹತೆ. ಕೊನೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಸದಸ್ಯರು ಕೈಲಾದುದನ್ನು ಹಾಕುತ್ತಾರೆ. ಸಭೆ ಎಲ್ಲಿ ಸೇರಿದರೂ ಅದು ಯಾವ ಮತಕ್ಕೂ ಸೇರಿದ್ದಲ್ಲ. ತನಗಿಂತ ಮಿಗಿಲಾದ ಶಕ್ತಿಯನ್ನು ಪ್ರತಿಯೊಬ್ಬನೂ ತಾನು ಅರಿತಂತೆ ನೆನೆಯಬಹುದು. ಈ ಗೃಹಸ್ಥರು ತಮ್ಮ ಎದೆಯ ಮೇಲಿನ ಲಿಂಗಯ್ಯನನ್ನೇ ನೆನೆದರು. ಒಬ್ಬರು ಮಾತಾಡುವಾಗ ಉಳಿದವರು ತಡೆಯುವುದಿಲ್ಲ, ಉಪದೇಶಿಸುವುದಿಲ್ಲ. ಯಾರು ಬಂದರು, ಏನು ಹೇಳಿದರು ಎಂಬುದು ಆ ಕೋಣೆಯಿಂದ ಆಚೆ ಹೋಗಬಾರದು. ಸಂಕಲ್ಪವೂ ಜನ್ಮಪೂರ್ತಿಯದಲ್ಲ, ಇಂದಿನ 24 ಗಂಟೆಯದು.

ಎರಡು ತಿಂಗಳಾದ ಮೇಲೆ ಅವರು ಮತ್ತೊಮ್ಮೆ ಕುಡಿದರು. ಹಿಂದೆ ಹೀಗಾದಾಗ ಮಠದಿಂದ ಮುಖ ಮರೆಸಿಕೊಂಡಿದ್ದವರು ಈ ಬಾರಿ ಮರು ಭಾನುವಾರವೇ ಸಭೆಗೆ ಹೋಗಿ ಎಲ್ಲರೆದುರು ಹೇಳಿದರು. ಯಾರೂ ಬೈಯಲಿಲ್ಲ. “ಮತ್ತ ಬಂದ್ರಿ, ಚಲೋ ಆತು” ಎಂದ ಹಮಾಲ. ಎಣಿಕೆ ಮತ್ತೆ ಮೊದಲ ದಿನದಿಂದ ಆರಂಭವಾಯಿತು. ಕೆಲವು ವಾರಗಳ ನಂತರ ಅವರು ಮಠಕ್ಕೂ ಬಂದರು.

ಇಲ್ಲಿ ವಿಚಾರ ಮಾಡಬೇಕಾದ ಅಂಶವೊಂದಿದೆ. ವ್ರತ ಹಿಡಿಯಲು ಒಂದು ಗಳಿಗೆ ಸಾಕು. ಅದನ್ನು ಉಳಿಸಿಕೊಳ್ಳಲು ಬಿದ್ದುದನ್ನೂ ಹೇಳಿಕೊಳ್ಳಬಹುದಾದ ಸಂಗ ಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರನ್ನು ಮುಂದೆ ನವಜೀವನ ಸಮಿತಿಗಳಲ್ಲಿ ಒಂದುಗೂಡಿಸುವುದೂ ಇದೇ ಕಾರಣಕ್ಕೆ. ಚಪ್ಪಾಳೆ ತಟ್ಟಿದ ಭಕ್ತರು ನಲವತ್ತೊಂದನೆಯ ದಿನ ಆ ಮನೆಯ ಬಾಗಿಲಿಗೂ ಹೋಗಬೇಕು. ವಿಚಾರಣೆಗಲ್ಲ, ಜೊತೆಗೆ ಕುಳಿತುಕೊಳ್ಳಲು.

ತಮ್ಮ ಊರಿನಲ್ಲಿ ಇಂತಹ ಸಭೆ ಎಲ್ಲಿದೆ ಎಂದು ಅರಸುವವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಬಹುದು. ಚಿಕಿತ್ಸೆ ಮತ್ತು ಸಲಹೆಗಾಗಿ 14446 ಎಂಬ ಶುಲ್ಕರಹಿತ ರಾಷ್ಟ್ರೀಯ ಸಹಾಯವಾಣಿ ಇದೆ. ಕುಡಿಯುವವರ ಮನೆಮಂದಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ಗೇಟಿನವರೆಗೆ ಹೋಗಿ ಹಿಂದಿರುಗುವವರ ಜೊತೆಗೆ ಒಬ್ಬರು ಒಳಗಿನವರೆಗೆ ನಡೆದರೆ ಅದೂ ದಾಸೋಹವೇ.